ಇಪ್ಪತ್ನಾಲ್ಕರಿಂದ ಎಪ್ಪತ್ತು

ಬೋರಾ ಬಜಾರಿನ ಎರಡನೇ ಮಹಡಿಯಲ್ಲಿ
ಹುಝೈಫಾ ಭಾಯಿ ಕಪಾಟಿನಿಂದ ಎರಡನ್ನು ತೆಗೆದಿಟ್ಟ.
ಒಂದು ಹೊಸದು, ಹಗುರ,
ಕೈನಡುಕವನ್ನು ತಾನೇ ನುಂಗಿಕೊಳ್ಳುವಂಥದ್ದು.
ಇನ್ನೊಂದು ಯಾರೋ ಬಳಸಿ ಬಿಟ್ಟದ್ದು. ಅಂಗೈಗಿಟ್ಟರೆ
ತುಂಬಿದ ತಂಬಿಗೆಯ ಭಾರ,
ಆದರೆ ಕತ್ತಲೆಯೊಳಗೆ ಒಂದು ಮೆಟ್ಟಿಲು ಹೆಚ್ಚು ಇಳಿಯುತ್ತದೆ.
‘ಮದುವೆಗಾ?’ ಕೇಳಿದ.
‘ಬಿರುಕಿಗೆ’ ಅಂದೆ.

ನನ್ನ ಕೆಲಸವೇ ಅದು. ಹಳೆಯ ಚಾಳುಗಳ
ಗೋಡೆ, ತೊಲೆ, ಸಜ್ಜಾ, ಪಾಯಖಾನೆಯ ಪೈಪು
ತೆಗೆದು ಇಂಜಿನಿಯರರ ವರದಿಗೆ ಕೊಡುವುದು.
ಲಾಲ್‌ಬಾಗ್, ಪರೇಲ್, ಕರಿ ರೋಡ್.
ಹತ್ತಡಿ ಹನ್ನೆರಡಡಿಯ ಖೋಲಿಯಲ್ಲಿ
ಹಿಂದೆ ಸರಿಯೋಣವೆಂದರೆ ಬೆನ್ನಿಗೆ ಗ್ಯಾಸಿನ ಸಿಲಿಂಡರು.
ನಾನು ನಿಂತಲ್ಲೇ ಲೆನ್ಸು ಹಿಂದೆ ಸರಿಯಬೇಕು.

ಭಾರದ್ದನ್ನೇ ಕೊಂಡೆ, ಹನ್ನೊಂದು ಕಂತಿನಲ್ಲಿ.
ಟಾರ್ಚು ಬಿಟ್ಟು ಒಳಗನ್ನು ತೋರಿಸಿದ ಹುಝೈಫಾ:
‘ಎರಡು ಧೂಳಿನ ಕಣ, ಫೋಟೊದಲ್ಲಿ ಬರೋದಿಲ್ಲ.
ಫಂಗಸ್ ಇಲ್ಲ. ಮಳೆಗಾಲದಲ್ಲಿ ನಿನ್ನ ಪುಣ್ಯ.’
ಒಂದು ಮಾತು ಮಾತ್ರ ಹೇಳಿರಲಿಲ್ಲ,
ಸ್ಟೇಷನ್ನಿನ ಮೆಟ್ಟಿಲಿಳಿಯುವಾಗ ಗೊತ್ತಾಯಿತು:
ಮುಖ ಕೆಳಗಾದರೆ ಅದರ ಕತ್ತು ತಾನಾಗಿ ಜಾರುತ್ತದೆ,
ತೂಕಡಿಸುವ ವಾಚ್‌ಮನ್ನನ ಗಲ್ಲದ ಹಾಗೆ.

ಆರು ವರ್ಷವಾಯಿತು.
ಜೂನಿನಿಂದ ಅದರ ವಾಸ ಅವಲಕ್ಕಿಯ ಡಬ್ಬದಲ್ಲಿ,
ಹೊಸ ಚಪ್ಪಲಿ ಪೆಟ್ಟಿಗೆಗಳಿಂದ ಕೂಡಿಟ್ಟ ಸಿಲಿಕಾ ಪೊಟ್ಟಣಗಳ ನಡುವೆ.
ಡೊಂಬಿವಲಿ ಲೋಕಲಿನಲ್ಲಿ ಎದೆಗವಚಿದ ಬ್ಯಾಗಿಗೆ
ದಿವಾ ದಾಟುವವರೆಗೂ ಯಾರ್‍ಯಾರದೋ ಮೊಣಕೈ.
ಬ್ಲೌಸಿನ ಅಳತೆ ತೆಗೆದ ದರ್ಜಿ ಟೇಪು ಇಳಿಬಿಟ್ಟು,
‘ಎಡಭುಜ ಅರ್ಧ ಇಂಚು ಕೆಳಗಿದೆ ತಾಯಿ’ ಎಂದ,
ಕೇಳದೆ ಬರೆದುಕೊಂಡ.

ಶೇವಂತಾಬಾಯಿ ಘಾಡಿಗಾಂವ್ಕರರ ಖೋಲಿ, ಮೂರನೇ ಮಾಳಿಗೆ.
ಬಿಲ್ಡರನ ಕಡೆಯ ಹುಡುಗ ಕಿವಿಯ ಹತ್ತಿರ ಬಂದ:
‘ಸ್ವಲ್ಪ ಹತ್ತಿರದಿಂದ, ಮ್ಯಾಡಮ್.’
ಎಪ್ಪತ್ತರಲ್ಲಿ ಬಿರುಕು ಒಂದು ಕಣಿವೆ,
ತಳದಲ್ಲಿ ತುಕ್ಕು ಹಿಡಿದ ಕಂಬಿ.
ಬಾಡಿಗೆದಾರರ ಕಮಿಟಿಯವರು ಬಾಗಿಲಲ್ಲಿ:
‘ಇಡೀ ಖೋಲಿ ಬರಲಿ.’
ಇಪ್ಪತ್ನಾಲ್ಕರಲ್ಲಿ ಅದೇ ಬಿರುಕು ಒಂದು ಕೂದಲೆಳೆ,
ಖೋಲಿಯೋ, ಮದುವೆಗೆ ಬಾಡಿಗೆ ಕೊಡುವ ಹಾಲು.
ಎರಡೂ ಸುಳ್ಳಲ್ಲ.
ನಡುವೆ ನನ್ನ ಮಣಿಕಟ್ಟಿನ ಕಾಲು ಸುತ್ತು.

ಅಳತೆಯ ಕಾರ್ಡು ಆ ದಿನ ಮನೆಯಲ್ಲೇ ಉಳಿದಿತ್ತು.
ಬ್ಯಾಗು ತಡಕುತ್ತ ಬಗ್ಗಿದಾಗ ಲೆನ್ಸು ಜಾರಿತು.
ಶೇವಂತಾಬಾಯಿ ನಕ್ಕರು: ‘ಇಷ್ಟು ದುಡ್ಡಿನ ಸಾಮಾನು,
ಸೊಂಟವೇ ಗಟ್ಟಿಯಿಲ್ಲವಲ್ಲ!’
ಬಳೆಗಳ ಜೊತೆ ಕೈಯಲ್ಲಿದ್ದ ಕೊತ್ತಂಬರಿ ಕಟ್ಟಿನ ರಬ್ಬರು
ತೆಗೆದು ಅದಕ್ಕೆ ಎರಡು ಸುತ್ತು ಹಾಕಿದರು.
ಆಮೇಲೆ ಯಾರೂ ಹೇಳದೆ ಗೋಡೆಯ ಹತ್ತಿರ ಹೋಗಿ
ಬಿರುಕಿನ ಪಕ್ಕ ಅಂಗೈ ಊರಿದರು.
‘ಈಗ ತೆಗಿ. ಎಷ್ಟಿದೆಯೋ ಅಷ್ಟು ಗೊತ್ತಾಗಲಿ.’

ರಾತ್ರಿ ಕಂಪ್ಯೂಟರಿನಲ್ಲಿ ನೋಡಿದೆ: ನಲವತ್ತಮೂರು.
ಉಂಗುರದ ಮೇಲೆ ಮೂವತ್ತೈದಿದೆ, ಐವತ್ತಿದೆ,
ನಲವತ್ತಮೂರಕ್ಕೆ ಗೆರೆಯೂ ಇಲ್ಲ.

ವರದಿಯ ಹದಿನಾಲ್ಕನೇ ಪುಟದಲ್ಲಿ ಹಾಕಿದರು.
ವಾರ್ಡ್ ಆಫೀಸಿನ ಜೆರಾಕ್ಸಿನಲ್ಲಿ ಆ ಕೈ
ಮಸಿ ಚೆಲ್ಲಿದ ಹಾಗೆ ಬಂದಿತ್ತು.
ಈಗ ಆ ಜಾಗಕ್ಕೆ ಹಸಿರು ಬಲೆ ಹೊದಿಸಿದ್ದಾರೆ.
ಅವರು ವಿರಾರಿಗೆ ಹೋದರಂತೆ, ಸೊಸೆಯ ತಂಗಿಯ ಮನೆ ಹತ್ತಿರ.

ಲೆನ್ಸಿನ ಅಂಚಿನಲ್ಲೂ ಈ ವರ್ಷ
ಬೇರಿನಂಥದ್ದೊಂದು ಬಿಳಿ ಎಳೆ ಹುಟ್ಟಿದೆ.
‘ಬಿಚ್ಚಿ ಒರೆಸೋಕೆ ಲೆನ್ಸಿಗಿಂತ ಹೆಚ್ಚಾಗುತ್ತೆ’ ಅನ್ನುತ್ತಾನೆ ಹುಝೈಫಾ,
ಚಹಾ ತರಿಸುತ್ತಾನೆ, ಹೊಸದನ್ನು ತೋರಿಸುತ್ತಾನೆ.
ನಾನು ಎತ್ತಿ ನೋಡಿ ಇಡುತ್ತೇನೆ.

ರಬ್ಬರು ನಾಲ್ಕು ಸಲ ಹರಿದು ನಾಲ್ಕು ಸಲ ಬದಲಾಯಿತು.
ಅಳತೆಯ ಕಾರ್ಡು ಬ್ಯಾಗಿನ ಹೊರ ಜೇಬಿನಲ್ಲೇ ಇರುತ್ತದೆ.
ಆದರೂ ಕೇಳುತ್ತೇನೆ ಮನೆಯವರನ್ನು:
ಸ್ವಲ್ಪ ಇಲ್ಲಿ ಕೈ ಇಡ್ತೀರಾ?
ಕೆಲವರು ಹಿಂಜರಿಯುತ್ತಾರೆ. ಕೆಲವರು
ಸೆರಗಿಗೆ ಕೈ ಒರೆಸಿಕೊಂಡು ಬರುತ್ತಾರೆ.