ಮೂರು ಟಗರು, ಒಂದು ಫಾರ್ಮು

ಜುಲೈ ಇಪ್ಪತ್ತೊಂಬತ್ತು. ಬೆಟಗೇರಿಯ ಬಳೆ ಅಂಗಡಿ ಮೇಲೆ
ನನ್ನದೊಂದು ಕೋಣೆಯ ಆಫೀಸು.
ಕರೆಂಟು ಹೋಗಿ, ಬಂದು, ಹೋಗಿ;
ಸರ್ವರ್ ಮಾತ್ರ ಹೋದದ್ದು ಬಂದೇ ಇಲ್ಲ.
ಆಗ ಮೆಟ್ಟಿಲು ಹತ್ತಿ ಬಂದವನೂ ಕರೆಂಟಿನವನೇ:
ಮೈಲಾರಪ್ಪ ಕಂಬಳಿ, ಲೈನ್‌ಮನ್,
ಕಿಸೆಯಲ್ಲಿ ನಾಲ್ಕು ಮಡಿಕೆಯ ಫಾರ್ಮ್ ಹದಿನಾರು.
ಹಿಂದೆ ಎಂಟನೇ ಈಯತ್ತೆಯ ಮಗಳು,
ಎದೆಗವಚಿದ ನೂರು ಪುಟದ ನೋಟಬುಕ್ಕು.

‘ಇಕಿ ಮೂರು ಟಗರು ಮಾರ್ಯಾಳ್ರಿ ಮೇಡಮ್ಮಾರ.
ಎಪ್ಪತ್ತೇಳು ಸಾವಿರದ ಐನೂರು,
ಫೋನಿನಾಗ ಬಂದು ಇಕಿ ಖಾತೆದಾಗ ಬಿದ್ದೈತಿ.
ನನ್ನ ಪಗಾರದಾಗ ಕೂಡಿಸಿಬಿಡ್ರಿ.
ತೆರಿಗಿ ಹೋದ್ರ ಹೋಗ್ಲಿ,
ಹುಡುಗಿ ಹೆಸರಿಗೆ ನೋಟೀಸು ಬರಬಾರದು.’

‘ಟಗರು ನನ್ನವ್ರಿ’ ಅಂದಳು ಅವಳು,
ನನಗಲ್ಲ, ನಿಂತ ಫ್ಯಾನಿಗೆ.

ನೋಟಬುಕ್ಕು ತೆರೆದೆ.
ಕೆಂಪು ಗೆರೆಯ ಈಚೆ ಮೂರು ಹೆಸರು:
ಹರಕಿವಿ, ಬಿಳಿಹಣೆ, ಸಾಹೇಬ.
ಅಪ್ಪನ ಕಡೆ ಸಾಲ ಒಂಬತ್ತು ಸಾವಿರ. ತೀರಿತು.
ಅಲ್ಲಿ ಅಪ್ಪನ ಸಹಿ, ಮೀಟರ್ ಕಾರ್ಡಿನ ಮೇಲೆ ಹಾಕುವಂಥದೇ.
ಶೇಂಗಾ ಹಿಂಡಿ, ಗೋವಿನಜೋಳದ ನುಚ್ಚು, ಹುರುಳಿ ಹೊಟ್ಟು,
ಜಂತಿನ ಔಷಧ ಎರಡು ಸಲ.
‘ಬಿಳಿಹಣೆ ಹೊಟ್ಟಿ ಉಬ್ಬಿತು. ರಾತ್ರಿಯೆಲ್ಲ ಕುಂತೆ.’
ಆ ಸಾಲಿನ ಮುಂದೆ ರೂಪಾಯಿಯ ಕಾಲಂ ಖಾಲಿ;
ಏನೋ ಬರೆದು, ರಬ್ಬರಿನಿಂದ ತಿಕ್ಕಿದ ಗುರುತು.

ಕಾನೂನು ಹೇಳಿದೆ, ಹೇಳಿ ಹೇಳಿ ಸವೆದ ಧ್ವನಿಯಲ್ಲಿ:
ಮಕ್ಕಳ ಗಳಿಕೆ ಹೆತ್ತವರ ಗಳಿಕೆಗೆ ಸೇರತಕ್ಕದ್ದು,
ಆದರೆ ಮಗು ತಾನೇ ಮೈಮುರಿದು ದುಡಿದದ್ದು,
ತನ್ನ ಜಾಣ್ಮೆಯಿಂದ ಗಳಿಸಿದ್ದು
ಮಗುವಿನದು.

‘ಮೇವು ಯಾರು ತರತಿದ್ರು?’
‘ನಾನ್ರಿ. ಸಾಲಿ ಬಿಟ್ಟ ಮ್ಯಾಲೆ, ರೈಲು ಹಳಿ ಬಾಜೂಕ.’
‘ಹಿಕ್ಕಿ ಬಳಿಯೋದು?’
‘ನಾನ.’
‘ದರ ಕುದುರಿಸಿದ್ದು?’
ಈಗ ಅಪ್ಪ ನಕ್ಕ: ‘ದಲ್ಲಾಳಿ ನನ್ನ ಕೈಮ್ಯಾಲೆ ಟವೆಲ್ ಹಾಕಿ
ಒಳಗ ಬೆರಳು ಹಿಡದಿದ್ನರಿ.
ಇಕಿ ಟವೆಲ್ ಎಳದು ಒಗದ್ಲು,
ಬಾಯಿಲೆ ಹೇಳ್ರಿ, ನನಗ ಕೇಳಬೇಕು, ಅಂದ್ಲು.’

‘ಹಂಗಾರ ರೊಕ್ಕ ನಿಂದ’ ಅಂದೆ.
‘ಮಿತಿಗಿಂತ ಭಾಳ ಕೆಳಗೈತಿ. ತೆರಿಗಿ ಇಲ್ಲ,
ರಿಟರ್ನ್ ಹಾಕೂ ಜರೂರಿಲ್ಲ.’
‘ನನ್ನ ಹೆಸರು?’
‘ಎಲ್ಲ್ಯೂ ಬರೂದಿಲ್ಲ.’
‘ಅಪ್ಪಂದು ಅಂತ ಬರದ್ರ?’
‘ಅವನ ಫಾರ್ಮಿನಾಗ ಒಂದು ಕೋಷ್ಟಕ ಐತಿ.
ನಿನ್ನ ಹೆಸರು. ಸಂಬಂಧ: ಮಗಳು. ಮುಂದ ಮೊತ್ತ.’

ಇಪ್ಪತ್ತೆರಡು ವರ್ಷದಿಂದ ಆ ಕೋಷ್ಟಕ ತುಂಬಿದ್ದೇನೆ.
ಅಷ್ಟು ಜೋರಾಗಿ ಅದನ್ನು ಓದಿ ಹೇಳಿದ್ದು ಅವತ್ತೇ:
ನಿನ್ನದು ಇನ್ನೊಬ್ಬರದಾದರೆ ನಿನ್ನ ಹೆಸರಿದೆ,
ನಿನ್ನದೇ ಆದರೆ
ಇಲ್ಲ.

ಕೆಳಗೆ ಯಾರೋ ಬಳೆ ಡಜನ್ ಎಣಿಸುತ್ತಿದ್ದರು.
ಹನ್ನೊಂದರ ತನಕ ಕೇಳಿಸಿತು.
‘ಬರೀಬ್ಯಾಡ್ರಿ’ ಅಂದಳು.

ಲೈನಿನಲ್ಲಿ ಕರೆಂಟಿದೆಯೋ ಇಲ್ಲವೋ ಎಂದು
ಕಂಬದ ತುದಿ ನೋಡುವವನ ಹಾಗೆ
ಮೈಲಾರಪ್ಪ ಮಗಳನ್ನು ನೋಡಿದ.
ಆಮೇಲೆ ನನ್ನ ಫೀಸು ಐನೂರು ಎಣಿಸಿಟ್ಟ.

ಅದರ ಮೇಲೆ ಅವಳದೊಂದು ನೂರು,
ಕಂಪಾಸ್ ಡಬ್ಬಿಯಿಂದ ತೆಗೆದದ್ದು, ಪೆನ್ಸಿಲ್ ವಾಸನೆಯದು.
‘ಇದು ನಾ ಕೇಳಿದ್ದಕ್ಕ. ಪಾವತಿ ಕೊಡ್ರಿ.’

ಬೇಡ ಅನ್ನಲು ಬಾಯಿ ತೆರೆದು, ಮುಚ್ಚಿದೆ.
ಪುಸ್ತಕ ಹುಡುಕಿ, ಕಾರ್ಬನ್ನು ಸರಿಪಡಿಸಿ
‘ಶ್ರೀಮತಿ’ ಹೊಡೆದುಹಾಕಿ ಬರೆದೆ:
ಕುಮಾರಿ ಹೊಳೆವ್ವ ಮೈಲಾರಪ್ಪ ಕಂಬಳಿ.
‘ಒತ್ತಿ ಬರೀರಿ’ ಅಂದಳು, ‘ಕೆಳಗಿಂದಕ್ಕೂ ಮೂಡ್ಲಿ.’

ಬಿಳಿ ಹಾಳೆ ಅವಳಿಗೆ.
ಹಳದಿ ನನ್ನ ಫೈಲಿನಲ್ಲಿದೆ;
ಬರುವ ಜುಲೈಗೆ ಆ ನೂರು
ನನ್ನ ಆದಾಯವೆಂದು ತೋರಿಸಬೇಕು.