ನಾಲ್ಕನೆಯ ದಫ್ತರ

ಮೂವತ್ತೊಂದು ವರ್ಷ ಮೂರೇ ದಫ್ತರ ಬರೆದವನು ನಾನು,
ಬಳ್ಳಾರಿ ಕೌಲ್‌ಬಜಾರಿನ ಹಿಂದಣ ಈ ಸಣ್ಣ ಚರ್ಚಿನ
ಉಪದೇಶಿ ಇನ್ನಾಸಪ್ಪ:
ದೀಕ್ಷಾಸ್ನಾನ, ಮದುವೆ, ಮಣ್ಣು.
ಹುಟ್ಟಿದವರು, ಕೂಡಿದವರು, ಹೋದವರು.
ನಡುವೆ ಅವರು ಏನು ತಿಂದರು, ಹೇಗೆ ತಿಂದರು,
ಅದಕ್ಕೊಂದು ಕಾಲಂ ಇರಲಿಲ್ಲ.

ಆಕಾಶಕ್ಕೆ ಮೊರೆಯಿಡುವ ಪಾಪಗಳು ನಾಲ್ಕು;
ನಾಲ್ಕನೆಯದು, ದುಡಿದವನ ಕೂಲಿ ಹಿಡಿದಿಡುವುದು.
ಮಕ್ಕಳಿಗೆ ಕಂಠಪಾಠ ಮಾಡಿಸಿದ್ದೇನೆ,
ತಪ್ಪಿದರೆ ಕಿವಿ ಹಿಂಡಿದ್ದೇನೆ.

ತಪಸ್ಸುಕಾಲದ ಮೊದಲ ವಾರ
ಹೊಸ ಸ್ವಾಮಿ, ಮುದಗಲ್ಲಿನ ಹುಡುಗ,
ಉದ್ದನೆಯ ರಟ್ಟಿನ ಪುಸ್ತಕ ತಂದು ಮೇಜಿಗಿಟ್ಟರು:
"ಇದರಾಗ ಬಾರದ ಕೂಲಿ ಬರೀರಿ."

ಪೂಜೆ ಮುಗಿದ ಮೇಲೆ ಬೇವಿನ ಮರದಡಿ ಮೇಜು.
ಮೊದಲ ಭಾನುವಾರ ಯಾರೂ ಇಲ್ಲ.
ಎರಡನೆಯದಕ್ಕೂ ಇಲ್ಲ.
ಬಡತನವನ್ನಾದರೂ ಹೇಳಿಕೊಳ್ಳಬಹುದು,
ಮೋಸಹೋದದ್ದು ಹೇಳುವಾಗ ಬಾಯಿ ಒಣಗುತ್ತದೆ.

ಮೂರನೆಯ ವಾರ ಬಂದವಳು ನಮ್ಮ ಸಭೆಯವಳಲ್ಲ.
ಮೆಹಬೂಬ್‌ಬೀ, ಜೀನ್ಸ್ ತೊಳೆಯುವ ಯೂನಿಟ್ಟಿನವಳು.
ಮೊಣಕೈವರೆಗೆ ನೀಲಿ,
ಉಗುರಿನ ಬುಡದಲ್ಲಿ, ಬಳೆಯ ಗಾಜಿನಡಿ;
ಹಬ್ಬದ ಮದರಂಗಿಯೂ ಆ ನೀಲಿಯ ಮೇಲೆ ಹಿಡಿಯಲಿಲ್ಲವಂತೆ.
"ನಿಮ್ಮ ಪುಸ್ತಕದಾಗ ನಮ್ಮ ಹೆಸರು ಹಿಡಿತೈತೇನ್ರಿ ಅಣ್ಣ?"
ನಾನು ಒಳಗೆ ನೋಡಿದೆ.
ಸ್ವಾಮಿ ಪೂಜೆಯ ಬಟ್ಟೆ ಮಡಚುತ್ತಿದ್ದರು, ತಲೆ ಎತ್ತಲಿಲ್ಲ.
ಬರೆದೆ: ಏಳು ವಾರ. ಹನ್ನೊಂದು ಸಾವಿರದ ಇನ್ನೂರು.
'ಧರ್ಮ' ಎಂದು ರೂಢಿಯಂತೆ ಒಂದು ಕಾಲಂ ಗೆರೆ ಹೊಡೆದಿದ್ದೆ.
ಖಾಲಿ ಬಿಟ್ಟೆ. ಆಮೇಲೆ
ರಬ್ಬರು ತಂದು ಗೆರೆಯನ್ನೇ ಅಳಿಸಿದೆ.

ಅಲ್ಲಿಂದ ಒಬ್ಬೊಬ್ಬರೇ.
ಚೌರಿಯಮ್ಮನ ಮೊಮ್ಮಗಳು ರೆಜಿನಾ, ಎಂಟು ತಿಂಗಳ ಬಸುರಿ,
ಲೂಪ್ ಮಿಷನ್ನಿನ ಮುಂದೆ ಹತ್ತು ತಾಸು:
"ಕುಂದ್ರಾಕ ಕೊಟ್ಟ ಸ್ಟೂಲಿಗೂ ದುಡ್ಡು ಮುರ್ಕಂತಾನ."
ಆ ಹೊಟ್ಟೆಯೊಳಗಿನ ಕೂಸಿಗಾಗಿ
ಪ್ರತಿ ಭಾನುವಾರ ಮೈಕಿನಲ್ಲಿ ಓದುವವನು ನಾನೇ,
ಹುಟ್ಟಲಿರುವ ಎಲ್ಲ ಜೀವಗಳಿಗಾಗಿ ಪ್ರಾರ್ಥಿಸೋಣ.
ಜನ ಒಕ್ಕೊರಲಿನಿಂದ: ಪ್ರಭುವೇ, ಆಲಿಸು.
ಕೂಸು ಆಗಲೇ ಆಲಿಸುತ್ತಿತ್ತು,
ಮಿಷನ್ನಿನ ಸದ್ದು.

ಎಂಟು ಪುಟ ತುಂಬಿ, ಲೇಬರ್ ಆಫೀಸಿಗೆ ಹೊರಟ ಮುಂಜಾನೆ
ತಿಪ್ಪಮ್ಮ ಕಸಬರಿಗೆ ನಿಲ್ಲಿಸಿದಳು.
ಹದಿನಾಲ್ಕು ವರ್ಷದಿಂದ ಈ ಅಂಗಳ, ಈ ಬೆಂಚು,
ನಾವು ಮೊಣಕಾಲೂರುವ ಹಲಗೆ ಒರೆಸಿದವಳು.
"ನಂದೂ ಬರ್ಕಳ್ರಿ."
"ನೀನು ಯಾವ ಯೂನಿಟ್ಟು?"
ಅವಳು ಗಂಟೆಗೋಪುರದ ಕಡೆ
ಗದ್ದ ಎತ್ತಿದಳು.

ಲೆಕ್ಕ ಇಟ್ಟವನು ನಾನೇ.
ತಿಂಗಳಿಗೆ ಎರಡು ಸಾವಿರದ ಐನೂರು, ಕ್ರಿಸ್‌ಮಸ್ಸಿಗೊಂದು ಸೀರೆ.
ಸೀರೆಯನ್ನು ನಾವು ಪ್ರೀತಿ ಅಂದುಕೊಂಡಿದ್ದೆವು.
ನನ್ನ ಕಿವಿ ಬಿಸಿಯಾಯಿತು, ಯಾರೋ ಹಿಂಡಿದ ಹಾಗೆ.

ಸ್ವಾಮಿ ಮೆಟ್ಟಿಲ ಮೇಲೆ ಕೂತುಬಿಟ್ಟರು.
ಬೇವಿನ ಹೂವು ಉದುರುತ್ತಿತ್ತು, ಗುಡಿಸಿದ ನೆಲದ ಮೇಲೆಯೇ.
ಆಟೋದವನು ಹಾರ್ನ್ ಹೊಡೆದ. ಕಾಯಪ್ಪ ಅಂದೆ.
ಮೊದಲ ಪುಟಕ್ಕೆ ತಿರುವಿದೆ.
ಮೆಹಬೂಬ್‌ಬೀಯ ಸಾಲಿಗಿಂತ ಮೇಲೆ,
ಶಿಲುಬೆ ಬರೆಯಲೆಂದು ಬಿಟ್ಟಿದ್ದ ಎರಡು ಬೆರಳ ಜಾಗದಲ್ಲಿ ಬರೆದೆ:
ತಿಪ್ಪಮ್ಮ. ಕೊಡಬೇಕಾದವರು: ನಾವು.

ಗೋಪುರದ ಬಣ್ಣಕ್ಕೆಂದು ಕೂಡಿಟ್ಟ ಹಣ
ಗೋಪುರ ಹತ್ತಲಿಲ್ಲ.
ಗೊಣಗಿದವರಿದ್ದಾರೆ.
ಮುಂದಿನ ಬೆಂಚಿನ ಯೂನಿಟ್ ಮಾಲೀಕರು
ಈಗ ಬೇರೆ ಚರ್ಚಿಗೆ ಹೋಗುತ್ತಾರೆ, ಕಾಣಿಕೆಯೂ ಅವರ ಜೊತೆ.

ಮೆಹಬೂಬ್‌ಬೀಗೆ ಅರ್ಧ ಬಂದಿದೆ.
ರೆಜಿನಾಗೆ ಕೂಲಿ ಬಂದಿಲ್ಲ, ಕೂಸು ಬಂದಿದೆ.
ಅದರ ಹೆಸರನ್ನು ಮೊದಲ ದಫ್ತರದಲ್ಲಿ ಬರೆದ ದಿನ
ಪೆನ್ನು ಕಾರಿ ಹೆಬ್ಬೆರಳಿಗೆ ನೀಲಿ ಹತ್ತಿತು.
ತಿಪ್ಪಮ್ಮ ಸೋಪು ಕೊಟ್ಟಳು.
ತಿಕ್ಕಿದೆ.
ಅರ್ಧ ಹೋಯಿತು.