ಎಂಟು ಗೀರು

ಚೆಬೊಕ್ಸಾರಿಯ ಆಸ್ಪತ್ರೆಯವರು ಕೊಟ್ಟ ಹಾಳೆ
ಚಹಾದ ಕೆಟಲಿನ ಪಕ್ಕ ಬಿದ್ದಿದೆ.
ದೂರ ಕಾಣದ ಕಣ್ಣಿಗೆ ಮೂರು ದಾರಿ:
ಮೇಲ್ಪದರವನ್ನು ಪುಟದಂತೆ ಎತ್ತಿ, ಒಳಗೆ ಬೆಳಕಲ್ಲಿ ಕೆತ್ತಿ,
ಮತ್ತೆ ಮುಚ್ಚುವುದು. ಮರುದಿನವೇ ಕೆಲಸಕ್ಕೆ.
ಇಲ್ಲವೇ ಸಿಪ್ಪೆ ಕೆರೆದು ತೆಗೆಯುವುದು,
ನಾಲ್ಕು ದಿನ ಈರುಳ್ಳಿ ಹೆಚ್ಚಿದ ಉರಿ, ವಾರಗಟ್ಟಲೆ ಮಂಜು.
ಮೂರನೆಯದು ದುಬಾರಿ. ಸಣ್ಣದೊಂದು ಸೀಳಿನಿಂದ
ಒಳಗಿನ ಚೂರನ್ನು ಕಳ್ಳನಂತೆ ಎಳೆದುಬಿಡುತ್ತಾರೆ.

ಅಮ್ಮ ಗ್ಲಾಫಿರಾ ನಗುತ್ತಾಳೆ.
“ನಮಗೆ ಹಾಳೆಯೂ ಇರಲಿಲ್ಲ, ಆರಿಸೋದೂ ಇರಲಿಲ್ಲ.
ಎಂಬತ್ತಾರರಲ್ಲಿ ವಜ್ರದ ಅಲಗು.
ಮಂಚಗಳೇ ಸಾಲಾಗಿ ಚಲಿಸುತ್ತಿದ್ದವು, ಬೇಕರಿಯ ಬನ್ನಿನ ಹಾಗೆ.
ಕಣ್ಣಿಗೆ ಎಂಟೆಂಟು ಗೀರು.”
ಅವತ್ತಿನಿಂದ ಪ್ರತಿ ಬೀದಿದೀಪಕ್ಕೂ ಮುಳ್ಳೆದ್ದಿದೆ ಅವಳಿಗೆ;
ಬೆಳಗಿನ ಕಣ್ಣು ಒಂದು, ಸಂಜೆಯದು ಇನ್ನೊಂದು.

ನಾನು ಬಾಕ್ಸಿಂಗ್ ಆಡುವವಳು.
ಮುಚ್ಚಿದ ಪುಟ ಒಂದು ಗುದ್ದಿಗೆ ಜಾರಿದರೆ?
ಉರಿಯ ದಾರಿಗೇ ಗುರುತು ಹಾಕಿದೆ.

“ಸಲಂಬಿ, ಆಮೇಲೆ ನಿನಗೂ
ರಾತ್ರಿ ವೋಲ್ಗಾ ದಂಡೆಯೆಲ್ಲ
ಹೂ ಬಿಟ್ಟ ಹಾಗೆ ಕಾಣುತ್ತದಾ?”

ಇಲ್ಲಮ್ಮ. ದೀಪ ದೀಪದ ಹಾಗೇ ಕಾಣುತ್ತದೆ.

ಅವಳು ನನ್ನ ಕನ್ನಡಕ ತೆಗೆದುಕೊಂಡು
ಸೆರಗಿಲ್ಲದ ಅಂಗಿಯ ತುದಿಯಲ್ಲಿ ಒರೆಸುತ್ತ,
“ಅಷ್ಟೇನಾ,” ಅಂದಳು.